ಟಿಕೆಟ್ಟಿನ ಹಿಂದೆ ಬರೆದದ್ದು

ಹದಿನೆಂಟು ವರ್ಷ ನಾನು
ಟಿಕೆಟ್ಟಿನ ಬೆನ್ನಿಗೆ ಬಾಕಿ ಚಿಲ್ಲರೆ ಬರೆದುಕೊಟ್ಟವನು.
ಇಳಿಯುವಾಗ ಕೇಳಿದವರು ಪಡೆದರು.
ಮರೆತವರ ಎರಡು, ಐದು, ಹನ್ನೊಂದು
ಸಂಜೆಗೆ ಕೂಡಿಕೊಂಡು
ಒಂದು ಕ್ವಾರ್ಟರ್ ಆಗುತ್ತಿತ್ತು.

ಸಸ್ಪೆಂಡಾದ ದಿನ ಡಿಪೋ ಗೇಟಿನಾಚೆ
ಮೆಕ್ಯಾನಿಕ್ ಅರುಳಪ್ಪ
ನನ್ನ ಜೇಬಿನಿಂದಲೇ ಹಳೇ ಟಿಕೆಟ್ಟೊಂದನ್ನು ಎಳೆದು
ಬೆನ್ನ ಮೇಲೆ ಬರೆದ, ಗ್ರೀಸಿನ ಹೆಬ್ಬೆಟ್ಟಿನ ಗುರುತಿನ ಸಮೇತ:
ಸೋಮವಾರ ಮತ್ತಿಕೆರೆ, ಶಾಲೆ, ಏಳು ಗಂಟೆ.
ಗುರುವಾರ ಕಾಕ್ಸ್ ಟೌನ್, ಚರ್ಚಿನ ಹಿಂದಿನ ಶೆಡ್ಡು.
'ಮಿಕ್ಕಿದ್ದು ಅಲ್ಲೇ ಕೇಳಿ ಪಡ್ಕೊ' ಅಂದ.

ಊರಿನ ಸ್ಟಾಪುಗಳೆಲ್ಲ ಬಾಯಿಪಾಠ ಇದ್ದವನಿಗೆ
ಒಂದು ಶಾಲೆಯ ಗೇಟು ಸಿಗಲಿಲ್ಲ.
ಯಾರನ್ನು ಕೇಳುವುದು? ಏನಂತ?
ಸ್ವಾಮೀ, ಕುಡುಕರು ಸೇರುವ ಜಾಗ ಎಲ್ಲಿ,
ಬಾರ್ ಅಲ್ಲ, ಇನ್ನೊಂದು?
ಇಸ್ತ್ರಿ ಗಾಡಿಯ ಮುದುಕಿ ತಲೆ ಎತ್ತಲಿಲ್ಲ:
'ಫ್ಲಾಸ್ಕು ಹಿಡ್ಕೊಂಡ ಗಡ್ಡದವನು ಈಗ ಹೋದ.
ಅವನ ಹಿಂದೆ ಹೋಗು.
ನೀನು ಮೂರನೇ ಸಲ ದಾಟ್ತಾ ಇದೀಯ.'

ಒಳಗೆ ಎರಡನೇ ಕ್ಲಾಸಿನ ಬೆಂಚು.
ಮೊಣಕಾಲು ಗದ್ದಕ್ಕೆ ತಾಗುವಂತೆ
ಒಂಬತ್ತು ಜನ ಗಂಡಸರು, ಒಬ್ಬ ಹೆಂಗಸು.
ಬೋರ್ಡಿನ ಮೇಲೆ ಅಳಿಸದೆ ಉಳಿದ ಒತ್ತಕ್ಷರದ ಪಾಠ:
ಅಕ್ಕ. ಹಗ್ಗ. ಬೆಲ್ಲ. ಎಣ್ಣೆ.
ಮೊದಲು ನಕ್ಕದ್ದು ಯಾರೋ,
ಆಮೇಲೆ ಬೆಂಚೆಲ್ಲ ಅಲ್ಲಾಡಿತು.
ಹೆಸರು ಹೇಳುವ ನನ್ನ ಸರದಿ ಬಂದಾಗ
ನಗು ಇನ್ನೂ ಗಂಟಲಲ್ಲಿತ್ತು, ಅದಕ್ಕೇ ಹೇಳಿಬಿಟ್ಟೆ.

ಹೀಗೆ ಒಂದೊಂದೇ ಕಡೆ ಕೇಳುತ್ತ ಟಿಕೆಟ್ಟು ತುಂಬಿತು.
ಮಾಗಡಿ ರಸ್ತೆಯದ್ದು ಮಹಡಿ ಮೇಲೆ, ಮಂಗಳವಾರ.
ಕೆಳಗೆ ಬಾರ್. ಹದಿನಾರು ಮೆಟ್ಟಿಲು
ಉಸಿರು ಕಟ್ಟಿ ಹತ್ತುತ್ತೇನೆ.
ಇಳಿಯುವಾಗ ಒಬ್ಬನೇ ಇಳಿಯುವುದಿಲ್ಲ.
ಕೆಂಗೇರಿಗೆ ಎರಡು ಬಸ್ಸು, ಕೀಲಿ ವಾಚ್‌ಮನ್ ಹತ್ತಿರ,
ಅವನು ಊಟಕ್ಕೆ ಹೋಗಿದ್ದರೆ ಸಭೆ ರಸ್ತೆಯಲ್ಲೇ.
ಕಾಕ್ಸ್ ಟೌನಿನಲ್ಲಿ ತಮಿಳು. ಇಂದಿರಾನಗರದಲ್ಲಿ ಇಂಗ್ಲಿಷು,
ನನಗೆ ಬರುವುದು ರೈಟ್, ಹೋಲ್ಡಾನ್ ಎರಡೇ.
ಆದರೂ ಹಲ್ಲಿನ ಡಾಕ್ಟರು ನಿಲೋಫರ್
ನೀರಿನ ಬಾಟಲಿ ಎತ್ತಿ ತೋರಿಸಿ ಸುಮ್ಮನಾದಾಗ
ನನ್ನ ಟಿಕೆಟ್ ಚೀಲದ ಪಕ್ಕ ತೂಗುತ್ತಿದ್ದ ಬಾಟಲಿ
ಅದೇ ಬಣ್ಣದ್ದು, ಅದೇ ಸುಳ್ಳಿನದು.

ಭಾನುವಾರ ಎರಡು ಕಡೆ ಇದೆ.
ಬುಧವಾರ ಎಲ್ಲೂ ಇಲ್ಲ.

ಬುಧವಾರ ಉದ್ದ. ಆರು ಗಂಟೆಗೆ ಶುರುವಾದ ಸಂಜೆ
ಎಂಟಕ್ಕೂ ಆರು ಗಂಟೆಯೇ.
ಮನೆಯಲ್ಲಿ ಅವಳು ಸಾರಿಗೆ ಒಗ್ಗರಣೆ ಹಾಕುತ್ತ
'ಎಣ್ಣೆ ಮುಗಿದಿದೆ' ಅಂದವಳು
ತನ್ನ ಮಾತಿಗೆ ತಾನೇ ಬೆಚ್ಚಿ, ಚೀಲ ಹಿಡಿದು
ತಾನೇ ಅಂಗಡಿಗೆ ಹೊರಟಳು.
ನಾನೂ ಎದ್ದೆ. ಯಶವಂತಪುರ ಬಸ್ ನಿಲ್ದಾಣ, ಮೂರನೇ ಬೆಂಚು.
ಅರುಳಪ್ಪನಿಗೆ ಫೋನು ಮಾಡಿದೆ.
ಸ್ಪ್ಯಾನರ್ ಚೀಲದ ಜೊತೆಗೇ ಬಂದ.
ಮಾತಾಡಿದ್ದು ಕಮ್ಮಿ. ಹನ್ನೊಂದು ಬಸ್ಸು ಹೋದವು,
ಅದರಲ್ಲೊಂದರ ಗೇರು ಸರಿಯಿಲ್ಲ ಅಂದ.

ಅದು ಮೂರು ತಿಂಗಳ ಹಿಂದೆ.
ಈಗ ಬುಧವಾರ ಬೆಂಚು ಸಾಲದೆ
ಇಬ್ಬರು ನಿಂತಿರುತ್ತಾರೆ.

ನಿನ್ನೆ ಡೆಲಿವರಿ ಚೀಲದ ಹುಡುಗನೊಬ್ಬ
ಹೆಲ್ಮೆಟ್ ಬಿಚ್ಚದೆ ನಮ್ಮನ್ನು ದಾಟಿದ,
ತಿರುಗಿ ಬಂದ, ಮತ್ತೆ ದಾಟಿದ.
ಬೈಕಿನ ಕೀ ಅವನ ಕೈಯಲ್ಲಿ ಸದ್ದು ಮಾಡುತ್ತಿತ್ತು.
ಆ ಸದ್ದು ನನಗೆ ಗೊತ್ತು.
'ಮೂರನೇ ಸಲ ಬೇಡ, ಕೂತ್ಕೊ' ಅಂದೆ.

ಹೋಗುವಾಗ ಜೇಬಿನಿಂದ ಟಿಕೆಟ್ಟು ತೆಗೆದು
ಬೆನ್ನ ಮೇಲೆ ಬರೆದುಕೊಟ್ಟೆ, ಸೋಮದಿಂದ ಭಾನುವಿನವರೆಗೆ.
ಮತ್ತಿಕೆರೆಗೆ ಇಸ್ತ್ರಿ ಗಾಡಿಯ ಗುರುತು.
'ಕೆಳಗಿನ ನಂಬರು ಏನಣ್ಣ?'

ನನ್ನ ಫೋನು.
ರಾತ್ರಿ ಎಷ್ಟು ಹೊತ್ತಾದರೂ
ಇಳಿಯೋ ಮುಂಚೆ ಕೇಳಿ ಪಡ್ಕೊ.